ಇಂಗ್ಲೆಂಡಿನಿಂದ ಬೆಂಗಳೂರಿಗೆ ವಾಪಸ್: ಹೆಂಡತಿಗೆ ಯಾವ ವೀಸಾ ಮಾಡಿಸಲಿ?

ಪ್ರಶ್ನೆ: ನಾನು ಹನುಮಂತನಗರದವನು. 9 ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಅಲ್ಲಿ ಐಎಲ್‌ಆರ್, ಅಂದರೆ ಕಾಯಂ ವಾಸದ ಅನುಮತಿ ಸಿಕ್ಕಿದೆ. ಹೆಂಡತಿ ಬ್ರಿಟಿಷ್ ಪ್ರಜೆ, ಪ್ರೈಮರಿ ಸ್ಕೂಲ್ ಟೀಚರ್. ಅಲ್ಲಿಯ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಿ 14 ತಿಂಗಳಾಯಿತು. ಅಪ್ಪ ಹೋದ ಮೇಲೆ ಅಮ್ಮ ಮನೆಯಲ್ಲಿ ಒಬ್ಬರೇ ಇದ್ದಾರೆ. ಇನ್ನು 4 ತಿಂಗಳಲ್ಲಿ ನಾವಿಬ್ಬರೂ ಬೆಂಗಳೂರಿಗೆ ಬಂದು ನೆಲೆಸಬೇಕು ಅಂತಿದ್ದೇವೆ. ಸ್ನೇಹಿತರು ‘ಇ-ಟೂರಿಸ್ಟ್ ವೀಸಾದಲ್ಲಿ ಕರ್ಕೊಂಡು ಬಾ, ಇಲ್ಲಿ ಬದಲಾಯಿಸ್ಕೊಳ್ಳೋಣ’ ಅನ್ನುತ್ತಾರೆ. ಇನ್ನು ಕೆಲವರು ‘ಬ್ರಿಟಿಷ್ ಪೌರತ್ವ ತಗೊಂಡೇ ಹೊರಡು’ ಅನ್ನುತ್ತಾರೆ. ಅಮ್ಮನಿಗೆ ಇಲ್ಲಿ ಛತ್ರದಲ್ಲಿ ಶಾಸ್ತ್ರೋಕ್ತವಾಗಿ ಮದುವೆ ಮಾಡಿ, ಇಲ್ಲೂ ರಿಜಿಸ್ಟರ್ ಮಾಡಿಸಬೇಕು ಅಂತ ಆಸೆ. ಹೆಂಡತಿ ಇಲ್ಲಿ ಕೆಲಸ ಮಾಡಬಹುದಾ? ಒಸಿಐ, ಅಂದರೆ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಇಲ್ಲಿ ಕಾಯಂ ಆಗಿ ಇರಲು ಕೊಡುವ ಕಾರ್ಡ್, ಯಾವಾಗ ಸಿಗುತ್ತದೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೆಂಡತಿಗೆ ಇವತ್ತು ಸಿಗುವುದು ಎಂಟ್ರಿ ವೀಸಾ. ಅದನ್ನು ಇಂಗ್ಲೆಂಡಿನಲ್ಲೇ ಮಾಡಿಸಿಕೊಂಡು ಬನ್ನಿ. ಮದುವೆ ರಿಜಿಸ್ಟರ್ ಆಗಿ 2 ವರ್ಷ ತುಂಬಿದ ಮೇಲೆ ಬೆಂಗಳೂರಿನಿಂದಲೇ ಒಸಿಐಗೆ ಅರ್ಜಿ ಹಾಕಿ. ಟೂರಿಸ್ಟ್ ವೀಸಾ ಬೇಡ. ಬ್ರಿಟಿಷ್ ಪೌರತ್ವ ಸದ್ಯಕ್ಕೆ ಬೇಡ. ಎರಡನೇ ಸಲ ರಿಜಿಸ್ಟರ್ ಮಾಡಿಸುವುದಂತೂ ಬೇಡವೇ ಬೇಡ. ಛತ್ರದ ಮದುವೆ ಮಾತ್ರ ಧಾರಾಳವಾಗಿ ಮಾಡಿಕೊಳ್ಳಿ.

ಎಷ್ಟೋ ಜನ ‘ಸ್ಪೌಸ್ ವೀಸಾ’ ಅಂತ ಹುಡುಕುತ್ತಾರೆ. ಭಾರತದ ವೀಸಾ ಫಾರ್ಮಿನಲ್ಲಿ ಆ ಹೆಸರೇ ಇಲ್ಲ. ಇರುವುದು ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ. ಅದರಲ್ಲಿ ಎಕ್ಸ್-2 ಅನ್ನುವುದು ಭಾರತೀಯರ ಗಂಡ, ಹೆಂಡತಿ, ಮಕ್ಕಳಿಗೆ ಇರುವ ಬಗೆ. ಹೆಸರು ಗೊತ್ತಿಲ್ಲದೆ ತಪ್ಪು ಕಾಲಮ್ಮಿಗೆ ಟಿಕ್ ಹಾಕಿ, ವಾರಗಟ್ಟಲೆ ಕಾದು, ಮತ್ತೆ ಮೊದಲಿಂದ ಶುರು ಮಾಡಿದವರು ನನ್ನ ಹತ್ತಿರ ಬಂದಿದ್ದಾರೆ.

ಟೂರಿಸ್ಟ್ ವೀಸಾದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಸ್ನೇಹಿತರು ಹೇಳುವುದು ಪೂರ್ತಿ ಸುಳ್ಳೇನಲ್ಲ. ಭಾರತೀಯರನ್ನು ಮದುವೆಯಾದವರ ಟೂರಿಸ್ಟ್ ವೀಸಾವನ್ನು ಎಂಟ್ರಿ ವೀಸಾಕ್ಕೆ ಬದಲಾಯಿಸುವ ಅವಕಾಶ ನಿಯಮದಲ್ಲಿದೆ. ಆದರೆ ಅದು ಇಲ್ಲಿಗೆ ಬಂದ ಮೇಲೆ ಪರಿಸ್ಥಿತಿ ಬದಲಾದವರಿಗೆ ಇರುವ ಬಾಗಿಲು. ಗಂಡ ಹೆಂಡತಿ ನಿಜವಾಗಿ ಒಟ್ಟಿಗೆ ಇದ್ದಾರಾ ಅಂತ ವಿಚಾರಣೆ ಆಗುತ್ತದೆ, ಭದ್ರತಾ ತಪಾಸಣೆ ಆಗುತ್ತದೆ. ಅಷ್ಟು ಆಗುವವರೆಗೆ ವೀಸಾದ ದಿನಗಳು ಕಾಯುವುದಿಲ್ಲ. ಇ-ಟೂರಿಸ್ಟ್ ವೀಸಾದ ನಿಯಮದಲ್ಲಂತೂ ಅವಧಿ ವಿಸ್ತರಣೆ ಇಲ್ಲ, ಬದಲಾವಣೆ ಇಲ್ಲ ಅಂತ ಮೊದಲೇ ಹೇಳಿರುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಇರುವವರು ಭಾರತದೊಳಗಿಂದ ಒಸಿಐಗೆ ಅರ್ಜಿ ಹಾಕುವಂತೆಯೂ ಇಲ್ಲ. ಅಂದರೆ ಮುಂದಿನ ದಾರಿಯೂ ಮುಚ್ಚಿಹೋಗುತ್ತದೆ.

ನನ್ನ ಕಣ್ಣ ಮುಂದೆ ನಡೆದದ್ದು ಹೇಳುತ್ತೇನೆ. ಒಂದು ಜೋಡಿ ಹೀಗೇ ಬಂದಿತ್ತು. ‘ಎಲ್ಲಾ ನಾನ್ ಮಾಡಿಸ್ಕೊಡ್ತೀನಿ’ ಅಂತ ಒಬ್ಬ ಏಜೆಂಟ್ ಮಾತು ಕೊಟ್ಟಿದ್ದ. ಎರಡು ತಿಂಗಳು ಓಡಾಡಿಸಿದ. ಕೊನೆಗೆ ವೀಸಾ ಮುಗಿಯಲು ಒಂಬತ್ತು ದಿನ ಇದ್ದಾಗ ಅವರು ನನ್ನ ಹತ್ತಿರ ಬಂದರು. ಅತ್ತೆ ಆಸ್ಪತ್ರೆಯಲ್ಲಿದ್ದರು. ರಾತ್ರಿ ಅವರ ಪಕ್ಕ ಮಲಗುತ್ತಿದ್ದದ್ದು ಈ ಸೊಸೆಯೇ. ಆ ಹುಡುಗಿ ಕೇಳಿದ್ದು ಒಂದೇ ಮಾತು: ‘ಅತ್ತೆ ಡಿಸ್ಚಾರ್ಜ್ ಆಗೋವರೆಗಾದ್ರೂ ಇರಬಹುದಾ?’ ಉಳಿದಿದ್ದ ದಿನಗಳಲ್ಲಿ ನನ್ನಿಂದ ಏನೂ ಮಾಡಲಾಗಲಿಲ್ಲ. ಅವಳು ಹೊರಡಬೇಕಾಯಿತು. ತನ್ನ ದೇಶಕ್ಕೆ ಹೋಗಿ, ಎಂಟ್ರಿ ವೀಸಾ ತಗೊಂಡು, ಮತ್ತೆ ಬಂದಳು. ಮೊದಲೇ ಅಲ್ಲಿ ಮಾಡಿಸಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ನೀವು ಬರುತ್ತಿರುವುದೂ ಅಮ್ಮನಿಗಾಗಿಯೇ ಅಲ್ವಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಕಾಗದಪತ್ರ. ಇದರಲ್ಲಿ ಮದುವೆ ಸರ್ಟಿಫಿಕೇಟಿಗಿಂತ ದೊಡ್ಡದು ಇನ್ನೊಂದಿಲ್ಲ. ವೀಸಾ, ಇಲ್ಲಿಯ ನೋಂದಣಿ, ನಾಳಿನ ಒಸಿಐ, ಎಲ್ಲಾ ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಸುಮ್ನೆ ಫೈಲಿನಲ್ಲಿ ಇಟ್ಟುಬಿಡಬೇಡಿ. ಒಂದು ಸಂಜೆ ಕೂತು, ಅದನ್ನೂ ಇಬ್ಬರ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡು, ಒಂದೊಂದೇ ಅಕ್ಷರ ಓದಿ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ನಮಗೆ ಸರ್‌ನೇಮ್ ಅನ್ನುವುದು ಅಭ್ಯಾಸದಲ್ಲೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಕೆ.ಎನ್. ಮಂಜುನಾಥ ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ.ಎನ್.’ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ ಕೊಣನೂರು ನಾರಾಯಣ’, ಸರ್‌ನೇಮ್ ಜಾಗ ಖಾಲಿ. ಇಂಗ್ಲೆಂಡಿನ ರಿಜಿಸ್ಟ್ರಾರ್‌ಗೆ ಈ ಕಥೆ ಎಲ್ಲಿ ಗೊತ್ತಾಗಬೇಕು? ಅವರು ‘ನಾರಾಯಣ’ವನ್ನು ಸರ್‌ನೇಮ್ ಮಾಡಿ, ಕೊಣನೂರನ್ನು ಕೈಬಿಟ್ಟು ಬರೆದಿರುತ್ತಾರೆ. ಮದುವೆ ದಿನ ಯಾರು ಅದನ್ನೆಲ್ಲ ನೋಡುತ್ತಾರೆ? ಎರಡು ವರ್ಷ ಆದ ಮೇಲೆ ಇಲ್ಲಿಯ ಅಧಿಕಾರಿ ಪೆನ್ಸಿಲ್‌ನಲ್ಲಿ ಆ ಹೆಸರಿನ ಕೆಳಗೆ ಗೆರೆ ಎಳೆದು, ‘ಇವರು ಅವರೇನಾ?’ ಅಂತ ಕೇಳುತ್ತಾರೆ. ಅವರು ಕೇಳುವುದು ಸರಿಯೇ. ಹಾಗಾಗಿ ಈಗಲೇ ನೋಡಿ. ಬರೆಯುವಾಗಲೇ ತಪ್ಪಾಗಿದ್ದರೆ ಮದುವೆ ನೋಂದಾಯಿಸಿದ ಕಚೇರಿಯಲ್ಲೇ ತಿದ್ದುಪಡಿಗೆ ಕೇಳಿ. ಅದು ಆಗದಿದ್ದರೆ ಈ ಎರಡೂ ಹೆಸರು ಒಬ್ಬನದೇ ಅಂತ ನೋಟರಿ ಮಾಡಿಸಿದ ಅಫಿಡವಿಟ್ ಇಟ್ಟುಕೊಳ್ಳಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು ಇನ್ನೂ ಸೇರಿಸಿಲ್ಲವಾದರೆ ಅಲ್ಲಿಂದಲೇ ಸೇರಿಸಿಕೊಂಡು ಬನ್ನಿ. ಮುಂದೆ ಪ್ರತಿ ಹೆಜ್ಜೆಯಲ್ಲೂ ಅದು ನಿಮ್ಮ ಪರ ಮಾತಾಡುತ್ತದೆ.

ಹೆಂಡತಿಯ ಹೆಸರಿನದೂ ಒಂದು ಮಾತು. ಮದುವೆಯ ನಂತರ ಹೆಸರು ಬದಲಾಯಿಸುವ ಯೋಚನೆ ಅವರಿಗೆ ಇದ್ದರೆ, ಒಸಿಐ ಕೈಗೆ ಬರುವವರೆಗೆ ತಡೆಯಲಿ. ಪಾಸ್‌ಪೋರ್ಟಿನಲ್ಲಿ ಒಂದು, ಸರ್ಟಿಫಿಕೇಟಿನಲ್ಲಿ ಇನ್ನೊಂದು, ವೀಸಾದಲ್ಲಿ ಮತ್ತೊಂದು ಆದರೆ ಬಿಡಿಸುವುದು ಕಷ್ಟ. ಮನೆಯಲ್ಲಿ ಅಕ್ಕಿ ಮೇಲೆ ಬೇರೆ ಹೆಸರು ಬರೆಸುವುದಾದರೆ ಬರೆಸಿ, ಅದಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲ.

ಸರ್ಟಿಫಿಕೇಟಿಗೆ ಅಪೋಸ್ಟೀಲ್ ಬೇಕು. ಇದು ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ನಂಬುವುದಕ್ಕೆ ಹಾಕುವ ಮುದ್ರೆ. ಹೇಗ್‌ನ 1961ರ ಒಪ್ಪಂದದಿಂದ ಬಂದದ್ದು. ಭಾರತ ಇದರಲ್ಲಿ 2005ರಿಂದ ಇದೆ, ಬ್ರಿಟನ್ನೂ ಇದೆ. ಅಲ್ಲಿ ಇದನ್ನು ವಿದೇಶಾಂಗ ಇಲಾಖೆಯ ಲೀಗಲೈಸೇಷನ್ ಆಫೀಸ್ ಮಾಡಿಕೊಡುತ್ತದೆ. ಮದುವೆ ಸರ್ಟಿಫಿಕೇಟಿಗೆ ಕಾಗದದ ಅಪೋಸ್ಟೀಲೇ ಆಗಬೇಕು, ಮೂಲ ಪ್ರತಿಯ ಮೇಲೇ ಆಗಬೇಕು, ಝೆರಾಕ್ಸ್ ಮೇಲಲ್ಲ. ನನ್ನ ಸಲಹೆ ಕೇಳಿದರೆ, ರಿಜಿಸ್ಟರ್ ಆಫೀಸಿನಿಂದ ಎರಡು ದೃಢೀಕೃತ ಪ್ರತಿ ತೆಗೆಸಿ, ಎರಡಕ್ಕೂ ಮುದ್ರೆ ಹಾಕಿಸಿ. ಬೆಂಗಳೂರಿಗೆ ಬಂದ ಮೇಲೆ ಒಂದು ಕಳೆದುಹೋದರೆ, ಆ ಒಂದು ಹಾಳೆಗಾಗಿ ಮತ್ತೆ ಲಂಡನ್ನಿಗೆ ಕೊರಿಯರ್ ಕಳಿಸಿ ಕಾಯಬೇಕು.

ವೀಸಾ ಅರ್ಜಿ ಕಷ್ಟದ್ದೇನಲ್ಲ. ಭಾರತ ಸರ್ಕಾರದ ವೀಸಾ ವೆಬ್‌ಸೈಟಿನಲ್ಲಿ ರೆಗ್ಯುಲರ್ ವೀಸಾ ಫಾರ್ಮ್ ತುಂಬಿ, ಎಂಟ್ರಿ ವೀಸಾ ಆರಿಸಿ, ಕಾಗದಗಳನ್ನು ವೀಸಾ ಅರ್ಜಿ ತಗೊಳ್ಳುವ ವಿಎಫ್‌ಎಸ್ ಕೇಂದ್ರಕ್ಕೆ ಕೊಡುವುದು. ಅಪೋಸ್ಟೀಲ್ ಆದ ಸರ್ಟಿಫಿಕೇಟ್, ನಿಮ್ಮ ಪಾಸ್‌ಪೋರ್ಟಿನ ಪ್ರತಿ, ಜೊತೆಗೆ ನೀವೇ ಸಹಿ ಮಾಡಿದ ಒಂದು ಪತ್ರ. ನಾವು ಬೆಂಗಳೂರಿಗೆ ನೆಲೆಸಲು ಹೋಗುತ್ತಿದ್ದೇವೆ, ಇಂಥ ವಿಳಾಸದಲ್ಲಿ ಇರುತ್ತೇವೆ, ಖರ್ಚು ನನ್ನದು ಅಂತ ನಾಲ್ಕು ಸಾಲು ಸಾಕು. ಎಂಟ್ರಿ ವೀಸಾವನ್ನು 5 ವರ್ಷದವರೆಗೂ ಕೊಡಬಹುದು. ಅಷ್ಟಕ್ಕೇ ಕೇಳಿ. ಒಂದೇ ವರ್ಷ ಕೊಟ್ಟರೂ ಗಾಬರಿ ಬೇಡ, ಮುಗಿಯುವ ಮೊದಲೇ ಇಲ್ಲಿ ವಿಸ್ತರಿಸಿಕೊಳ್ಳಬಹುದು. ವೀಸಾದ ಅವಧಿ ಶುರುವಾಗುವುದು ಅದನ್ನು ಕೊಟ್ಟ ದಿನದಿಂದ, ನೀವು ವಿಮಾನ ಹತ್ತಿದ ದಿನದಿಂದ ಅಲ್ಲ. ತೀರಾ ಮುಂಚೆ ಮಾಡಿಸಿದರೆ ಅಷ್ಟು ದಿನ ಸುಮ್ಮನೆ ಹೋಗುತ್ತದೆ. ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಅರ್ಜಿ ಹಾಕಿ. ಟಿಕೆಟ್ ಮಾತ್ರ ವೀಸಾ ಕೈಗೆ ಬಂದ ಮೇಲೆ ಬುಕ್ ಮಾಡಿ.

ಇನ್ನು ಬೆಂಗಳೂರು. ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ ಇಮಿಗ್ರೇಷನ್ ಮುಗಿಸಿದ ತಕ್ಷಣ, ಲಗೇಜ್ ಕಡೆ ಓಡುವ ಮೊದಲು, ಹೆಂಡತಿಯ ಪಾಸ್‌ಪೋರ್ಟ್ ತೆರೆದು ಮುದ್ರೆಯ ತಾರೀಖು ಸರಿಯಾಗಿ ಕಾಣುತ್ತದೆಯಾ ನೋಡಿ. ಆ ತಾರೀಖಿನಿಂದ 14 ದಿನದ ಲೆಕ್ಕ ಶುರು. 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾದಲ್ಲಿ ನೆಲೆಸಲು ಬರುವ ವಿದೇಶಿಯರು 14 ದಿನದೊಳಗೆ ಎಫ್‌ಆರ್‌ಆರ್‌ಓದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ಹೆಸರು ದಾಖಲಿಸಬೇಕು. ನೋಂದಣಿ ಬೇಕೋ ಬೇಡವೋ ಅಂತ ವೀಸಾದ ಮೇಲೇ ಬರೆದಿರುತ್ತದೆ, ಓದಿಕೊಳ್ಳಿ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1946ರ ವಿದೇಶಿಯರ ಕಾಯ್ದೆ, 1939ರ ನೋಂದಣಿ ಕಾಯ್ದೆ ಎಲ್ಲಾ ಹೋಗಿ ಅದರಲ್ಲಿ ಸೇರಿಕೊಂಡಿವೆ. ಹಳೆಯ ಕಾಲದಲ್ಲಿ ‘ನಿಧಾನ ಮಾಡಿದ್ರೂ ನಡೀತಿತ್ತು’ ಅನ್ನುವವರ ಮಾತು ಕೇಳಬೇಡಿ.

ಬೆಂಗಳೂರಿನ ಎಫ್‌ಆರ್‌ಆರ್‌ಓ ಇರುವುದು ಶಾಂತಿನಗರದಲ್ಲಿ, ಕೆ.ಎಚ್. ರಸ್ತೆಯ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲೇ. ಕೆಳಗೆ ಬಸ್ಸುಗಳ ಗದ್ದಲ, ಮೇಲಿನ ಮಹಡಿಯಲ್ಲಿ ಹತ್ತಾರು ದೇಶದವರು ಪ್ಲಾಸ್ಟಿಕ್ ಫೋಲ್ಡರ್ ತೊಡೆ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. 2018ರಲ್ಲಿ ಇ-ಎಫ್‌ಆರ್‌ಆರ್‌ಓ ಬಂದ ಮೇಲೆ ಈ ಓಡಾಟ ತುಂಬಾ ಕಡಿಮೆಯಾಗಿದೆ. ಈಗ ಅರ್ಜಿ, ಕಾಗದ, ಹಣ ಎಲ್ಲಾ ಆನ್‌ಲೈನ್. ಕರೆದರೆ ಮಾತ್ರ ಹೋಗಬೇಕು. ಕರೆದರೆ ಭಯ ಬೇಡ, ಇಬ್ಬರೂ ಒಟ್ಟಿಗೆ ಹೋಗಿ.

ಜನ ಸಿಕ್ಕಿಹಾಕಿಕೊಳ್ಳುವುದು ವಿಳಾಸದ ಪುರಾವೆಯಲ್ಲಿ. ನಿಮ್ಮ ವಿಷಯದಲ್ಲಿ ನನಗೆ ಇದೇ ಚಿಂತೆ. ನೀವು ಇರುವುದು ಅಮ್ಮನ ಮನೆಯಲ್ಲಿ. ಬಾಡಿಗೆ ಕರಾರು ಇಲ್ಲ. ಬೆಸ್ಕಾಂ ಬಿಲ್ ಯಾರ ಹೆಸರಿನಲ್ಲಿದೆ? ಹನುಮಂತನಗರ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ನೂರಕ್ಕೆ ತೊಂಬತ್ತು ಕಡೆ ಅದು ಇನ್ನೂ ಅಪ್ಪನ ಹೆಸರಿನಲ್ಲೋ ತಾತನ ಹೆಸರಿನಲ್ಲೋ ಬರುತ್ತಿರುತ್ತದೆ. ದುಡ್ಡು ಕಟ್ಟಿದರಾಯಿತು, ಹೆಸರು ಯಾರದಾದರೇನು ಅಂತ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಆದರೆ ತೀರಿಹೋದವರ ಹೆಸರಿನ ಬಿಲ್ ಕೊಟ್ಟು ‘ನಾವು ಇಲ್ಲಿದ್ದೇವೆ’ ಅಂದರೆ ಪ್ರಶ್ನೆ ಬರುತ್ತದೆ. ಬಿಲ್ಲನ್ನು ಅಮ್ಮನ ಹೆಸರಿಗೆ ಮಾಡಿಸಿ. ಅಷ್ಟರಲ್ಲಿ ಆಗದಿದ್ದರೆ ಅಮ್ಮನ ಹೆಸರಿನ ಆಸ್ತಿ ತೆರಿಗೆ ರಸೀದಿ, ಅವರ ಆಧಾರ್, ಮಗ ಸೊಸೆ ನನ್ನ ಜೊತೆ ಇದ್ದಾರೆ ಅಂತ ಅವರ ಸಹಿ ಮಾಡಿದ ಪತ್ರ, ಮೂರನ್ನೂ ಜೋಡಿಸಿ ಕೊಡಿ. ಇದರ ಜೊತೆಗೆ ಇನ್ನೊಂದಿದೆ. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಹೋಟೆಲಿನವರು ಮಾಡುತ್ತಾರಲ್ಲ, ಅದೇ. ಇವತ್ತಿಗೂ ಎಲ್ಲರ ಬಾಯಲ್ಲಿ ಅದು ‘ಸಿ ಫಾರ್ಮ್’. ಸೊಸೆಯನ್ನು ಮನೆಗೆ ಕರೆದುಕೊಂಡದ್ದಕ್ಕೂ ಫಾರ್ಮ್ ತುಂಬಬೇಕಾ ಅಂತ ಅಮ್ಮನಿಗೆ ಬೇಜಾರಾಗಬಹುದು. ಬಂದ ದಿನವೇ ನೀವೇ ಅವರ ಪಕ್ಕ ಕೂತು ತುಂಬಿಬಿಡಿ, ಹತ್ತು ನಿಮಿಷದ ಕೆಲಸ.

ಮುಂದೆ ಬೇರೆ ಮನೆಗೆ ಹೋದರೆ ಆ ವಿಳಾಸವನ್ನೂ ತಿಳಿಸಬೇಕು.

ಈಗ ಹೆಂಡತಿಯ ಕೆಲಸದ ಪ್ರಶ್ನೆ. ಎಂಟ್ರಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಸ್ಕೂಲಿನಲ್ಲಿ ಪಾರ್ಟ್ ಟೈಮ್, ಮನೆಯಲ್ಲಿ ಇಂಗ್ಲಿಷ್ ಟ್ಯೂಷನ್, ಯಾವುದೂ ಬೇಡ. ಇಂಗ್ಲೆಂಡಿನ ಕೆಲಸವನ್ನೇ ಬೆಂಗಳೂರಿನಿಂದ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೆ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಹತ್ತಿರ ಬರುವ ಎಲ್ಲರಿಗೂ ಬೇಡ ಅಂತಲೇ ಹೇಳುತ್ತೇನೆ. ವೀಸಾ ಆ ಹಕ್ಕು ಕೊಟ್ಟಿಲ್ಲ. ಜೊತೆಗೆ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಇಲ್ಲಿಯ ಆದಾಯ ತೆರಿಗೆಯೂ ಬರುತ್ತದೆ. ಒಸಿಐ ವಿಚಾರಣೆಯಲ್ಲಿ ‘ಈ ಎಂಟು ತಿಂಗಳು ಏನು ಮಾಡುತ್ತಿದ್ದಿರಿ?’ ಅಂತ ಕೇಳಿದಾಗ ತಡವರಿಸುವ ಪರಿಸ್ಥಿತಿ ಯಾಕೆ ಬೇಕು?

ಇದು ಹೇಳುವುದು ಸುಲಭ, ಅನುಭವಿಸುವುದು ಕಷ್ಟ. ಅದು ನನಗೆ ಚೆನ್ನಾಗಿ ಗೊತ್ತು. ದಿನಾ ಮೂವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದ ಟೀಚರ್, ಹೊಸ ಊರಿನಲ್ಲಿ ಬೆಳಗ್ಗೆ ಗಂಡ ಆಫೀಸಿಗೆ ಹೋದ ಮೇಲೆ ಏನು ಮಾಡಬೇಕು? ಸ್ವಂತ ಸಂಬಳವಿಲ್ಲ, ಪ್ರತಿಯೊಂದು ಕಾಗದದಲ್ಲೂ ‘ಇಂಥವರ ಹೆಂಡತಿ’. ಈ ಮಾತನ್ನು ವಿಮಾನ ಹತ್ತುವ ಮೊದಲೇ ಇಬ್ಬರೂ ಕೂತು ಮಾತಾಡಿ. ಇಬ್ಬರಿಗೂ ಸೇರಿದ ಖರ್ಚಿನ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ, ಅವರು ಪ್ರತಿ ಸಲ ನಿಮ್ಮನ್ನು ಕೇಳುವ ಹಾಗೆ ಆಗಬಾರದು. ಈ ತಿಂಗಳುಗಳಲ್ಲಿ ಕನ್ನಡ ಕಲಿಯಲಿ. ಅಮ್ಮನ ಜೊತೆ ಗಾಂಧಿ ಬಜಾರಿಗೆ ಹೋಗಿ ಹೂವಿನವರ ಹತ್ತಿರ ಒಂದು ಮೊಳಕ್ಕೆ ಚೌಕಾಸಿ ಮಾಡಲಿ. ಯಾವ ಕ್ಲಾಸಿಗಿಂತಲೂ ಬೇಗ ಬರುತ್ತದೆ.

ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯರು ಆಧಾರ್ ಕೂಡ ಮಾಡಿಸಬಹುದು. ವೀಸಾ ಇರುವವರೆಗೆ ಅದು ನಡೆಯುತ್ತದೆ.

ಒಸಿಐಗೆ ಬರೋಣ. ಪೌರತ್ವ ಕಾಯ್ದೆ 1955ರ ಸೆಕ್ಷನ್ 7ಎ ಹೇಳುವುದು ಹೀಗೆ: ಭಾರತದ ಪ್ರಜೆಯನ್ನೋ ಒಸಿಐ ಕಾರ್ಡ್ ಇರುವವರನ್ನೋ ಮದುವೆಯಾದ ವಿದೇಶಿಯರು ಅರ್ಜಿ ಹಾಕಬಹುದು. ಆದರೆ ಮದುವೆ ರಿಜಿಸ್ಟರ್ ಆಗಿರಬೇಕು, ಅರ್ಜಿ ಹಾಕುವ ದಿನಕ್ಕೆ ಹಿಂದಿನ 2 ವರ್ಷ ಬಿಡದೆ ನಡೆದುಕೊಂಡು ಬಂದಿರಬೇಕು. ಗಡಿಯಾರ ಓಡುವುದು ರಿಜಿಸ್ಟರ್ ಆದ ತಾರೀಖಿನಿಂದ. ಧರ್ಮಸ್ಥಳದಲ್ಲಿ ಐದು ವರ್ಷದ ಹಿಂದೆ ತಾಳಿ ಕಟ್ಟಿ, ಹೋದ ವರ್ಷ ರಿಜಿಸ್ಟರ್ ಮಾಡಿಸಿದವರಿಗೆ ಆಗಿರುವುದು ಒಂದೇ ವರ್ಷ. ನಿಮ್ಮ ಸರ್ಟಿಫಿಕೇಟಿನಲ್ಲಿ ಮದುವೆಯ ದಿನ, ದಾಖಲಾದ ದಿನ ಅಂತ ಎರಡು ತಾರೀಖು ಇದ್ದರೆ ತಡವಾದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿ ನಿಮ್ಮ ಲೆಕ್ಕ ತಾನಾಗೇ ಕೂಡಿಬರುತ್ತದೆ, ನೋಡಿ. ಭಾರತದಲ್ಲಿ ಅರ್ಜಿ ಹಾಕುವವರು ಇಲ್ಲಿಯ ನಿವಾಸಿ ಆಗಿರಬೇಕು, ಅಂದರೆ ಸತತ 6 ತಿಂಗಳು ಇಲ್ಲಿದ್ದಿರಬೇಕು. ಈಗ 14 ತಿಂಗಳು. 4 ತಿಂಗಳು ಬಿಟ್ಟು ಬಂದರೆ 18. ಇಲ್ಲಿ 6 ತಿಂಗಳು ಕಳೆದರೆ ಸರಿಯಾಗಿ 24. ಆ 6 ತಿಂಗಳಲ್ಲಿ ‘ಕ್ರಿಸ್‌ಮಸ್‌ಗೆ ಊರಿಗೆ ಹೋಗಿಬರ್ತೀನಿ’ ಅನ್ನುವುದು ಸಹಜ, ಆದರೆ ಹೋದರೆ ‘ಸತತ’ 6 ತಿಂಗಳ ಲೆಕ್ಕ ಕೆಡಬಹುದು. ಆಗುವುದಾದರೆ ಅವರ ತಂದೆ ತಾಯಿಯನ್ನೇ ಈ ಕಡೆ ಕರೆಸಿಕೊಳ್ಳಿ.

ಇನ್ನು 10 ತಿಂಗಳು ಇಂಗ್ಲೆಂಡಿನಲ್ಲೇ ಇದ್ದು ಒಸಿಐ ಮಾಡಿಸಿಕೊಂಡೇ ಬರಬಾರದಾ? ಬರಬಹುದು. ಆದರೆ 2 ವರ್ಷ ತುಂಬಿದ ಮೇಲೆ ಅರ್ಜಿ ಹಾಕಿ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಗಂಡ ಹೆಂಡತಿ ಎಂಬ ಆಧಾರದ ಮೇಲೆ ಬರುವ ಅರ್ಜಿಗೆ ಭದ್ರತಾ ಒಪ್ಪಿಗೆ ಬೇಕೇ ಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಅಮ್ಮ ಒಬ್ಬರೇ ಇದ್ದಾರೆ ಅಂತ ನೀವೇ ಬರೆದಿದ್ದೀರಿ. ನಾನಾಗಿದ್ದರೆ ಕಾಯುತ್ತಿರಲಿಲ್ಲ.

ಇಲ್ಲಿ ಅರ್ಜಿಯ ಶುಲ್ಕ 15,000 ರೂಪಾಯಿ. ಎಫ್‌ಆರ್‌ಆರ್‌ಓದಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಮನೆಗೂ ವಿಚಾರಣೆಗೆ ಬರಬಹುದು. ಎಲ್ಲಿ ಪರಿಚಯ, ಮದುವೆಗೆ ಯಾರು ಬಂದಿದ್ದರು, ಅತ್ತೆಯ ಹೆಸರೇನು, ಇಂಥ ಪ್ರಶ್ನೆಗಳು. ನಿಜವಾದ ಮದುವೆಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೆ ಮದುವೆಯಿಂದ ಇಲ್ಲಿಯವರೆಗಿನ ಗುರುತುಗಳನ್ನು ಈಗಿನಿಂದಲೇ ಕೂಡಿಡಿ. ರೆಡಿಂಗ್‌ನ ಮನೆಯ ಜಂಟಿ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಸ್ಟೇಟ್‌ಮೆಂಟ್, ಕೌನ್ಸಿಲ್ ಟ್ಯಾಕ್ಸ್ ಬಿಲ್, ಬೇರೆಬೇರೆ ಕಾಲದ ಹತ್ತು ಹನ್ನೆರಡು ಫೋಟೋ. ಮನೆ ಖಾಲಿ ಮಾಡುವಾಗ ಎಲ್ಲರೂ ಮೊದಲು ರದ್ದಿಗೆ ಹಾಕುವುದು ಇವನ್ನೇ.

ಹೆಂಡತಿಯ ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರಾದರೂ ಯಾವಾಗಲಾದರೂ ಪಾಕಿಸ್ತಾನದ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಒಸಿಐ ಸಿಗುವುದಿಲ್ಲ. ಬ್ರಿಟಿಷ್ ಕುಟುಂಬಗಳಲ್ಲಿ ಇದನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. 1947ಕ್ಕೆ ಮುಂಚೆ ಲಾಹೋರಿನಲ್ಲಿ ಹುಟ್ಟಿದ ಇಂಗ್ಲಿಷ್ ಮುತ್ತಜ್ಜ ಇದ್ದರೆ ಅದರಿಂದ ತೊಂದರೆ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವ, ಹುಟ್ಟಿದ ಊರಲ್ಲ.

ಒಸಿಐ ಬಂದ ಮೇಲೆ ಅವರು ಯಾವ ಖಾಸಗಿ ಶಾಲೆಯಲ್ಲಿ ಬೇಕಾದರೂ ಪಾಠ ಹೇಳಬಹುದು. ಎಫ್‌ಆರ್‌ಆರ್‌ಓ ನೋಂದಣಿ ಇಲ್ಲ, ವೀಸಾ ನವೀಕರಣ ಇಲ್ಲ. ಮತ ಹಾಕುವಂತಿಲ್ಲ. ಪ್ರತಿ ಸಲ ಹೊಸ ಪಾಸ್‌ಪೋರ್ಟ್ ಬಂದಾಗ 3 ತಿಂಗಳೊಳಗೆ ಅದನ್ನೂ, ಮದುವೆ ಮುಂದುವರಿದಿದೆ ಎಂಬ ಘೋಷಣೆಯನ್ನೂ ಆನ್‌ಲೈನ್‌ನಲ್ಲಿ ಏರಿಸಬೇಕು. ಇನ್ನೊಂದು ಮಾತು ಹೇಳಲು ಮನಸ್ಸಿಲ್ಲ, ಆದರೆ ಮುಚ್ಚಿಡುವುದು ತಪ್ಪು. ಮದುವೆಯಿಂದ ಬಂದ ಒಸಿಐಯನ್ನು ವಿಚ್ಛೇದನವಾದರೆ ರದ್ದು ಮಾಡುವ ಅಧಿಕಾರ ಸೆಕ್ಷನ್ 7ಡಿಯಲ್ಲಿದೆ. ನಿಮ್ಮ ಹೆಂಡತಿ ತನ್ನ ಕೆಲಸ, ಊರು, ಜನ ಎಲ್ಲಾ ಬಿಟ್ಟು ಬರುತ್ತಿದ್ದಾರೆ. ಇದು ಅವರಿಗೆ ಮೊದಲೇ ಗೊತ್ತಿರಬೇಕು. ನೀವೇ ಹೇಳಿ, ಬೇರೆಯವರಿಂದ ತಿಳಿಯುವುದು ಬೇಡ.

ಬ್ರಿಟಿಷ್ ಪೌರತ್ವದ ವಿಷಯ ಇನ್ನೂ ಗಟ್ಟಿಯಾಗಿ ಯೋಚಿಸಬೇಕಾದದ್ದು. ನಿಮ್ಮ ಸ್ನೇಹಿತರ ಲೆಕ್ಕ ನನಗೆ ಅರ್ಥವಾಗುತ್ತದೆ. ಐಎಲ್‌ಆರ್ ಇದ್ದು, ಬ್ರಿಟಿಷ್ ಪ್ರಜೆಯನ್ನು ಮದುವೆಯಾಗಿ, 3 ವರ್ಷ ಅಲ್ಲಿದ್ದವರು ಅರ್ಜಿ ಹಾಕಬಹುದು. ಸತತ 2 ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಐಎಲ್‌ಆರ್ ಹೋಗುತ್ತದೆ, ಅದನ್ನು ಕಳೆದುಕೊಳ್ಳುವ ಭಯ ಸಹಜ. ಬ್ರಿಟನ್ ಎರಡು ಪೌರತ್ವ ಒಪ್ಪುತ್ತದೆ. ಆದರೆ ಭಾರತ ಒಪ್ಪುವುದಿಲ್ಲ. ಪೌರತ್ವ ಕಾಯ್ದೆಯ ಸೆಕ್ಷನ್ 9ರ ಪ್ರಕಾರ, ನೀವಾಗಿ ಬೇರೆ ದೇಶದ ಪ್ರಜೆಯಾದ ಆ ಕ್ಷಣಕ್ಕೇ ಭಾರತದ ಪೌರತ್ವ ಹೋಗುತ್ತದೆ. ಯಾರೂ ರದ್ದು ಮಾಡಬೇಕಾಗಿಲ್ಲ, ತಾನಾಗೇ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ವರ್ಷ ಉಳಿದಿದೆ ಅಂತ ಅದರಲ್ಲೇ ಓಡಾಡಿದರೆ ಅದು ಅಪರಾಧ. ಪಾಸ್‌ಪೋರ್ಟ್ ಒಪ್ಪಿಸಿ, ಸರೆಂಡರ್ ಸರ್ಟಿಫಿಕೇಟ್ ತಗೊಂಡು, ಮೊದಲು ನೀವು ಒಸಿಐ ಆಗಬೇಕು. ನಿಮ್ಮನ್ನು ಭಾರತೀಯ ಅಂತ ತೋರಿಸಿ ಹೆಂಡತಿಗೆ ಮಾಡಿಸಿದ ಕಾಗದಗಳೆಲ್ಲ ಮತ್ತೆ ಹೊಸದಾಗಿ ಆಗಬೇಕು. ನಾಲ್ಕು ತಿಂಗಳಲ್ಲಿ ಹೊರಡುವವರು ಈ ಕೆಲಸಕ್ಕೆ ಕೈಹಾಕುವುದು ಸರಿಯಲ್ಲ.

ಊರ ಕಡೆ ಜಮೀನು ತಗೊಳ್ಳುವ ಆಸೆ ಇದೆಯಾ? 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಆದರೆ ಒಸಿಐ ಆದವರಿಗೆ ಕೇಂದ್ರದ ನಿಯಮ ಅಡ್ಡ ಬರುತ್ತದೆ. ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದದ್ದನ್ನು ಉಳಿಸಿಕೊಳ್ಳಬಹುದು.

ಐಎಲ್‌ಆರ್ ಹೋದರೆ ಇಂಗ್ಲೆಂಡಿನ ಬಾಗಿಲು ಶಾಶ್ವತವಾಗಿ ಮುಚ್ಚಿತು ಅಂತಲ್ಲ. ಹೆಂಡತಿ ಬ್ರಿಟಿಷ್ ಪ್ರಜೆಯಾಗಿ ಇರುವವರೆಗೆ ಅಲ್ಲಿಯ ಸ್ಪೌಸ್ ವೀಸಾ ದಾರಿ ಇದ್ದೇ ಇರುತ್ತದೆ. ಅಲ್ಲಿ ಆ ಹೆಸರು ನಿಜವಾಗಿಯೂ ಬಳಕೆಯಲ್ಲಿದೆ. ಸುಲಭವಂತೂ ಅಲ್ಲ, 2024ರ ಏಪ್ರಿಲ್‌ನಿಂದ ಅದರ ಆದಾಯ ಮಿತಿ ವರ್ಷಕ್ಕೆ 29,000 ಪೌಂಡ್ ಆಗಿದೆ. ಬೆಂಗಳೂರಿನಲ್ಲಿ ಒಂದೂವರೆ ವರ್ಷ ಇದ್ದು ನೋಡಿ. ಆಗ ನಿಮಗೇ ತಿಳಿಯುತ್ತದೆ. ಐಎಲ್‌ಆರ್ ಅಲ್ಲಿಯವರೆಗೂ ಜೀವಂತವಾಗಿರುತ್ತದೆ.

ಕೊನೆಗೆ ಅಮ್ಮನ ಆಸೆ. ಛತ್ರದಲ್ಲಿ ಮದುವೆ ಮಾಡಿ. ಧಾರೆ ಎರೆಯಲಿ, ಸಪ್ತಪದಿ ಆಗಲಿ, ನೆಂಟರಿಗೆಲ್ಲ ಹೋಳಿಗೆ ಊಟ ಹಾಕಿಸಿ. ಅದು ಅವರ ಹಕ್ಕು. ಆ ಫೋಟೋಗಳು ಒಸಿಐ ಫೈಲಿಗೂ ಒಳ್ಳೆಯದೇ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಬೇಡ. ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನ ನೋಟಿಸ್ ಹಾಕಿ ಕಾಯಬೇಕು. ಅದೆಲ್ಲ ಮಾಡಿ ಸಿಗುವುದೇನು? ಇನ್ನೊಂದು ಸರ್ಟಿಫಿಕೇಟ್, ಇನ್ನೊಂದು ತಾರೀಖು. ನಾಳೆ ಒಸಿಐ ಅಧಿಕಾರಿ ‘ನಿಮ್ಮ ಮದುವೆ ಯಾವಾಗ ಆಯಿತು?’ ಅಂದರೆ ಯಾವುದನ್ನು ತೋರಿಸುತ್ತೀರಿ? ಇಂಗ್ಲೆಂಡಿನಲ್ಲಿ ಆದ ಮದುವೆ ಇಲ್ಲಿಯೂ ಮದುವೆಯೇ. ಅಪೋಸ್ಟೀಲ್ ಆದ ಆ ಒಂದು ಹಾಳೆ ಸಾಕು. ಅಮ್ಮನಿಗೆ ಹೇಳಿ, ಹೊಸ ತಾರೀಖು ಬಂದರೆ ಸೊಸೆ ಕಾಯಬೇಕಾದ ಎರಡು ವರ್ಷ ಮತ್ತೆ ಮೊದಲಿಂದ ಶುರುವಾಗುವ ಅಪಾಯ ಇದೆ ಅಂತ. ಅವರೇ ಬೇಡ ಅನ್ನುತ್ತಾರೆ.

ಅದೇ ಫೋನಿನಲ್ಲಿ ಕರೆಂಟ್ ಬಿಲ್ಲಿನ ಮಾತನ್ನೂ ಎತ್ತಿ. ಹೆಸರು ಬದಲಾವಣೆಗೆ ಅಪ್ಪನ ಡೆತ್ ಸರ್ಟಿಫಿಕೇಟ್ ಬೇಕಾಗುತ್ತದೆ. ಅದನ್ನು ಎಲ್ಲಿಟ್ಟಿದ್ದಾರೆ ಅಂತ ಅಮ್ಮ ಈಗಿನಿಂದಲೇ ಹುಡುಕಿಡಲಿ.